ಐದು ಪೆಟ್ಟು, ಒಂದು ಹುಸಿ

ನಮ್ಮ ಮನೆಯವರು ಪಿಯಾನೋ ನುಡಿಸುತ್ತಾರೆ. ಜನಕ್ಕೆ ಗೊತ್ತಿರುವುದು ಇಷ್ಟು. ಭಾನುವಾರ ಮಧ್ಯಾಹ್ನ ಹೆಬ್ಬಾಳದ ಒಂದು ದೊಡ್ಡ ಹೋಟೆಲಿನಲ್ಲಿ ಊಟದ ಹೊತ್ತಿಗೆ ಅವರ ತಂಡದ ಸಂಗೀತ ಇರುತ್ತದೆ. ಇವರ ಕೀಬೋರ್ಡು, ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಒಬ್ಬರ ಬೇಸ್ ಗಿಟಾರು, ನಾಗಸಂದ್ರದ ಕಡೆಯ ಇನ್ನೊಬ್ಬರ ಕಾಂಗಾ, ಅಂದರೆ ನೆಟ್ಟಗೆ ನಿಲ್ಲಿಸಿ ಅಂಗೈಯಲ್ಲಿ ಬಾರಿಸುವ ಉದ್ದನೆಯ ಜೋಡಿ ಡೋಲು. ಅಮೆರಿಕದ ಹಳೆಯ ಜಾಝ್ ಹಾಡುಗಳನ್ನು ತೆಗೆದುಕೊಂಡು ಕ್ಯೂಬಾ, ಬ್ರೆಜಿಲ್ ಕಡೆಯ ತಾಳಕ್ಕೆ ಕೂರಿಸಿ ನುಡಿಸುವುದು ಇವರ ಹೆಗ್ಗಳಿಕೆ. ಹಾಗೆ ತಾಳಕ್ಕೆ ಕೂರಿಸುವ ಕೆಲಸ ನನ್ನದು. ಇದು ಜನಕ್ಕೆ ಗೊತ್ತಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಹುಟ್ಟಿದ್ದು ಯಶವಂತಪುರದಲ್ಲಿ, ಮೃದಂಗ ನುಡಿಸುವವರ ಮನೆಯಲ್ಲಿ. ಅಪ್ಪ ನನ್ನ ಅಣ್ಣನನ್ನು ಮೃದಂಗದ ಮುಂದೆ ಕೂರಿಸಿದರು. ನನ್ನನ್ನು ಎದುರಿಗೆ ಕೂರಿಸಿ, "ನಿಂಗೆ ವಾದ್ಯ ಬೇಡ. ಬಾಯಲ್ಲಿ ಹೇಳು, ಕೈಯಲ್ಲಿ ತಾಳ ಹಾಕು, ಅಷ್ಟು ಸಾಕು" ಎಂದರು. ಅಣ್ಣ ಎರಡು ವರ್ಷಕ್ಕೆ ಬೇಸರ ಬಂದು ಬಿಟ್ಟುಬಿಟ್ಟ. ನನಗೆ ಬಿಡುವುದಕ್ಕೆ ವಾದ್ಯವೇ ಇರಲಿಲ್ಲವಲ್ಲ, ಹಾಗಾಗಿ ಕಲಿತದ್ದೆಲ್ಲ ಹಾಗೇ ಉಳಿಯಿತು.

ಆದಿತಾಳಕ್ಕೆ ಎಂಟು ಎಣಿಕೆ. ತೊಡೆಯ ಮೇಲೆ ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಹುಸಿ ಎಂದರೆ ಅಂಗೈಯನ್ನು ಮೇಲಕ್ಕೆ ತಿರುಗಿಸುವುದು. ಸದ್ದು ಬರುವುದಿಲ್ಲ, ಆದರೆ ಎಣಿಕೆಯಲ್ಲಿ ಅದಕ್ಕೂ ಜಾಗವಿದೆ, ಬಿಟ್ಟರೆ ತಾಳ ಕೆಡುತ್ತದೆ. ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ, ಹುಸಿ ಅಂದರೆ ಸುಳ್ಳು ಅಲ್ವಾ ಎಂದು. "ಸುಳ್ಳಲ್ಲ ಕಣೇ, ಕೇಳಿಸಲ್ಲ ಅಷ್ಟೆ" ಎಂದಿದ್ದರು. ಅಪ್ಪ ಒಂದು ಕಟ್ಟಪ್ಪಣೆಯನ್ನೂ ಮಾಡಿದ್ದರು: ಸುತ್ತಿನ ಮೊದಲ ಎಣಿಕೆ ಸಮ, ಅಲ್ಲಿ ಕೈ ಖಾಲಿ ಇರಕೂಡದು. ಹಾಡು ಬೇಕಾದರೆ ತಡವಾಗಿ ಎತ್ತಿಕೊಳ್ಳಲಿ, ತಾಳ ಮಾತ್ರ ಪೆಟ್ಟಿನಿಂದಲೇ ಶುರುವಾಗಬೇಕು. ಈ ಮಾತು ನನ್ನ ಮೈಯೊಳಗೇ ಇಳಿದುಬಿಟ್ಟಿತ್ತು. ಮುಂದೆ ನನಗೆ ಮುಳುವಾದದ್ದೂ ಇದೇ.

ನಮ್ಮ ಮನೆಯವರು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಪಕ್ಕದ ಬೀದಿಯಲ್ಲಿದ್ದ ನಿವೃತ್ತ ಬ್ಯಾಂಡ್ ಮಾಸ್ತರರೊಬ್ಬರು ಇವರಿಗೆ ಪಿಯಾನೋ ಕಲಿಸಿದರು, ಹಳೆಯ ಜಾಝ್ ಹುಚ್ಚನ್ನೂ ಹಿಡಿಸಿದರು. ಕೈ ಒಳ್ಳೆಯ ಕೈ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಬಲಗೈ ಬೆರಳುಗಳು ಹಾಡನ್ನು ಎಷ್ಟು ಮೆತ್ತಗೆ ಹೇಳುತ್ತವೆ ಎಂದರೆ, ಮದುವೆಯಾದ ಹೊಸದರಲ್ಲಿ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾ ಸಾರು ಉಕ್ಕಿಸಿದ್ದುಂಟು. ಆದರೆ ಎಣಿಕೆ ಎಂದರೆ ಇವರಿಗೆ ಆಗದು. ಎಲ್ಲಿ ಹೊರಟರು, ಎಲ್ಲಿ ಬಂದು ಸೇರಬೇಕು ಎಂಬುದು ಮಧ್ಯದಲ್ಲಿ ಮರೆತುಹೋಗುತ್ತದೆ. ಆಗ ತಲೆಯೆತ್ತಿ ನನ್ನ ಕೈ ಹುಡುಕುತ್ತಾರೆ. ಕಚೇರಿಯಲ್ಲಿ ಮುಂದಿನ ಸಾಲಿನವರು ತಾಳ ಹಾಕುವ ಹಾಗೆ ನಾನು ತೊಡೆಯ ಮೇಲೆ ಹಾಕುತ್ತಿರುತ್ತೇನೆ. ಕೊನೆಯ ಹುಸಿಗೆ ನನ್ನ ಅಂಗೈ ತಿರುಗಿದ್ದು ಕಂಡರೆ, ಇನ್ನೇನು ಸಮ ಬಂತು ಎಂದು ಇವರಿಗೆ ಗೊತ್ತಾಗುತ್ತದೆ. ನೋಡಿದವರು, ಎಷ್ಟು ಪ್ರೀತಿಯ ಗಂಡ, ನುಡಿಸುವಾಗಲೂ ಹೆಂಡತಿಯನ್ನೇ ನೋಡುತ್ತಾರೆ ಎನ್ನುತ್ತಾರೆ.

ಇಬ್ಬರೂ ನಿವೃತ್ತರಾಗಿ ಯಲಹಂಕ ನ್ಯೂ ಟೌನಿನ ಮನೆಯಲ್ಲಿ ಕೂತ ಮೇಲೆ ಇವರಿಗೆ ಹೊಸತೇನಾದರೂ ಮಾಡಬೇಕೆನಿಸಿತು. ಕೀಬೋರ್ಡಿನಲ್ಲಿ ಒಂದು ಬಟನ್ ಒತ್ತಿದರೆ ಕ್ಯೂಬಾದ ಚಾ-ಚಾ ತಾಳ, ಇನ್ನೊಂದು ಒತ್ತಿದರೆ ಬ್ರೆಜಿಲ್ಲಿನ ಬೊಸ್ಸಾ ನೋವಾ. ಅದರ ಮೇಲೆ ಹಳೆಯ ಪ್ರೇಮಗೀತೆಗಳನ್ನು ನುಡಿಸಲು ಹೊರಟರು. ಹಾಡು ಒಂದು ದಿಕ್ಕಿಗೆ, ಯಂತ್ರ ಒಂದು ದಿಕ್ಕಿಗೆ. ನಾನು ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಶಾಲೆಯ ವಾರ್ಷಿಕೋತ್ಸವದಿಂದ ಉಳಿದಿದ್ದ, ಕೆಂಪು ಹಳದಿ ಪಟ್ಟೆ ಬಳಿದ ಕೋಲಾಟದ ಕೋಲುಗಳನ್ನು ತೆಗೆದುಕೊಂಡು ಬಂದು ಊಟದ ಮೇಜಿಗೆ ಕೂತೆ. "ಆ ಯಂತ್ರ ಆರ್ಸಿ. ನಾನ್ ಹಾಕ್ತೀನಿ" ಎಂದೆ.

ಕ್ಯೂಬಾದವರ ಸಂಗೀತದ ತಳಹದಿ ಎರಡು ಕೋಲಿನ ಐದು ಪೆಟ್ಟು. ಅದಕ್ಕೆ ಕ್ಲಾವೆ ಎನ್ನುತ್ತಾರೆಂದು ಫೋನಿನಲ್ಲಿ ಹುಡುಕಿ ತಿಳಿದುಕೊಂಡೆ. ನಮ್ಮ ಎಂಟು ಎಣಿಕೆಯ ಸುತ್ತಿನಲ್ಲೇ ಅದು ಕೂರುತ್ತದೆ: ಒಂದರ್ಧದಲ್ಲಿ ಮೂರು ಪೆಟ್ಟು, ಇನ್ನೊಂದರ್ಧದಲ್ಲಿ ಎರಡು. ನನಗೆ ಎಷ್ಟು ಖುಷಿಯಾಯಿತೆಂದರೆ, ಐವತ್ತೆಂಟನೆಯ ವಯಸ್ಸಿನಲ್ಲಿ ಯಾರೋ ನನ್ನ ಭಾಷೆಯಲ್ಲೇ ಮಾತಾಡಿಸಿದಂತಾಯಿತು. ಗಣಿತದ ಚೌಕುಳಿ ಪುಸ್ತಕ ತೆಗೆದು ಒಂದು ಸುತ್ತಿಗೆ ಹದಿನಾರು ಮನೆ ಮಾಡಿ, ಕೋಲು ಎಲ್ಲಿ, ಬೇಸ್ ಎಲ್ಲಿ, ಹಾಡಿನ ಯಾವ ಮಾತು ಎಲ್ಲಿ ಬೀಳಬೇಕು ಎಂದು ಬರೆದೆ. ಬೇಸ್ ಮೊದಲನೆಯ ಎಣಿಕೆಯಲ್ಲಿ ಬೀಳದೆ ಅದಕ್ಕಿಂತ ಮುಂಚೆಯೇ ಬಂದುಬಿಡಬೇಕು, ಆಗಲೇ ಜನಕ್ಕೆ ಕೂತಲ್ಲಿ ಕಾಲು ಕುಣಿಯುವುದು. ಕನ್ನಡಕದ ಅಂಗಡಿಯವರಿಗೆ ಅದನ್ನು ಬಾಯಲ್ಲಿ ಜತಿ ಹೇಳಿಯೇ ಕಲಿಸಿದೆ. ಅವರು ಮನೆಯಲ್ಲಿ ದಖ್ಖನಿ ಮಾತಾಡುವವರು, ನನ್ನನ್ನು ಭಾಬಿ ಎನ್ನುತ್ತಾರೆ. "ಭಾಬಿ, ಅದೇ ತಕಿಟ ಇನ್ನೊಂದ್ಸಲ ಹೇಳ್ರೀ, ನಾನ್ ಹಿಡ್ಕೋತೀನಿ" ಎನ್ನುವರು. ಒಂದೂವರೆ ವರ್ಷದಲ್ಲಿ ಹನ್ನೆರಡು ಹಾಡು ಹಾಗೆ ತಯಾರಾದವು. ಎಲ್ಲವೂ ಹುರುಳಿಕಾಯಿ ಹೆಚ್ಚುವ ಆ ಮೇಜಿನ ಮೇಲೆ.

ಹೋಟೆಲಿನಲ್ಲಿ ಮೊದಲ ಭಾನುವಾರ ಇವರು ಮೈಕ್ ಹಿಡಿದು, "ಈ ಹಾಡುಗಳ ಹೊಸ ಅರೇಂಜ್‌ಮೆಂಟ್ ನಂದೇ. ತುಂಬಾ ವರ್ಷದಿಂದ ತಲೇಲಿತ್ತು" ಎಂದರು. ಜನ ಪ್ಲೇಟು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವರು ನಮ್ಮನೆಯವರು. ದಿನಾ ಮನೇಲಿ ಕೂತು ಕೇಳೋ ತಾಳ್ಮೆ ಇದೆ ಇವ್ರಿಗೆ" ಎಂದರು. ಎಲ್ಲರೂ ನಕ್ಕರು. ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, ನಾನೂ ಸೇರಿ ಮಾಡಿದ್ದು ಅಂತ ಒಂದು ಮಾತು ಹೇಳಬಾರದಿತ್ತೇ ಎಂದು. "ಗಂಡ ಹೆಂಡ್ತಿ ಮಧ್ಯೆ ನಂದು ನಿಂದು ಏನೇ? ನಾನು ಅಂದ್ರೆ ನಾವೇ ತಾನೇ" ಎಂದರು. ಆಗ ಆ ಮಾತು ಚೆನ್ನಾಗಿಯೇ ಕೇಳಿಸಿತು. ನಾನು ಎಂಥ ಪೆದ್ದಿ ಎಂದು ಈಗ ಅನ್ನಿಸುತ್ತದೆ.

ತಪ್ಪನ್ನು ಕಂಡುಹಿಡಿದವಳೂ ನಾನೇ. ನಮ್ಮ ಹನ್ನೆರಡರಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದ ಒಂದು ನಿಧಾನದ ಹಾಡಿತ್ತು, ಅದನ್ನು ನಾನು ಚುರುಕು ಮಾಡಿದ್ದೆ. ಒಂದು ಬೆಳಿಗ್ಗೆ ಅದರ ಧ್ವನಿಮುದ್ರಣವನ್ನು ಫೋನಿನಲ್ಲಿ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದೆ. ಹಾಡು ಒತ್ತು ಕೊಡುವ ಕಡೆ ಕೋಲು ಸುಮ್ಮನಿದೆ, ಹಾಡು ಸುಮ್ಮನಾದ ಕಡೆ ಕೋಲು ಮಾತಾಡುತ್ತಿದೆ. ಒಂದೆರಡು ಸುತ್ತಲ್ಲ, ಹಾಡಿನುದ್ದಕ್ಕೂ ಹಾಗೇ. ಚಾಕು ಕೆಳಗಿಟ್ಟೆ. ಕ್ಯೂಬಾದವರ ಹಳೆಯ ಮುದ್ರಣಗಳನ್ನು ಒಂದೊಂದಾಗಿ ಕೇಳಿದೆ. ಇಂಥ ಹಾಡುಗಳಿಗೆ ಅವರು ಎರಡು ಪೆಟ್ಟಿನ ಅರ್ಧವನ್ನು ಮುಂದಿಟ್ಟುಕೊಂಡು ಹೊರಡುತ್ತಾರೆ, ಮೂರು ಹಿಂದೆ ಬರುತ್ತದೆ. ಎರಡು ಮುಂದಿದ್ದರೆ ಸುತ್ತಿನ ಮೊದಲ ಎಣಿಕೆಯಲ್ಲಿ ಕೋಲಿನ ಪೆಟ್ಟೇ ಇಲ್ಲ, ಖಾಲಿ. ಆ ಖಾಲಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಸಮದಲ್ಲಿ ಪೆಟ್ಟು ಇಲ್ಲದ ತಾಳ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಹುಟ್ಟಿದವರು ಹೇಗೆ ತಾನೇ ಊಹಿಸಿಯಾರು? ನಾನು ಕಣ್ಣುಮುಚ್ಚಿಕೊಂಡು ಎಲ್ಲ ಹಾಡಿಗೂ ಮೂರನ್ನೇ ಮುಂದಿಟ್ಟಿದ್ದೆ. ಹನ್ನೆರಡರಲ್ಲಿ ಐದು ಹಾಡು ತಿರುಗುಮುರುಗಾಗಿದ್ದವು.

ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ನಾಚಿಕೆಯೂ ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಸರಿಯಾದದ್ದು ಸಿಕ್ಕಿತಲ್ಲ ಎಂಬ ಸಂತೋಷವಿತ್ತು. ಆ ವಾರದ ಅಭ್ಯಾಸಕ್ಕೆ ಕನ್ನಡಕದ ಅಂಗಡಿಯವರು ಬಂದಿದ್ದರು. ಇಬ್ಬರನ್ನೂ ಕೂರಿಸಿ, ಚೌಕುಳಿ ಪುಸ್ತಕ ತೆರೆದು, ಹಳೆಯ ಕ್ರಮ, ಹೊಸ ಕ್ರಮ ಎರಡನ್ನೂ ಕೋಲಿನಲ್ಲಿ ಹಾಕಿ ತೋರಿಸಿದೆ. ಅಂಗಡಿಯವರ ಮುಖ ಅರಳಿತು. "ಅರೇ, ಈಗ ಹಾಡು ತಾನೇ ನಡೀತಿದೆ ಭಾಬಿ" ಎಂದರು. ನಮ್ಮ ಮನೆಯವರ ಮುಖ ಗಂಟಾಯಿತು.

"ಈಗ ಬದಲಾಯಿಸಿದ್ರೆ ನನ್ನ ಕೈ ಎಡವತ್ತೆ. ಕೂತುಬಿಟ್ಟಿದೆ ಅದು."

"ತಪ್ಪು ಕೂತಿದೆ ರೀ. ಎರಡು ವಾರ ಪ್ರಾಕ್ಟೀಸ್ ಮಾಡಿದ್ರೆ ಸರಿಹೋಗತ್ತೆ."

"ಹೋಟ್ಲಲ್ಲಿ ಪಾಸ್ತಾ ತಿನ್ನೋರಿಗೆ ಎರಡು ಮುಂದೆ ಮೂರು ಹಿಂದೆ ಎಲ್ಲ ಯಾರಿಗ್ ಗೊತ್ತಾಗತ್ತೆ? ಸುಮ್ನಿರು."

ಅಷ್ಟರಲ್ಲಿ ವಾಯುಸೇನೆಯ ವಿಮಾನವೊಂದು ಮನೆಯ ಮೇಲೇ ಹಾದುಹೋಯಿತು. ವೈಮಾನಿಕ ಪ್ರದರ್ಶನದ ತಾಲೀಮಿನ ದಿನಗಳವು, ಯಲಹಂಕದಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವಂತಿರಲಿಲ್ಲ. ಸದ್ದು ಇಳಿದ ಮೇಲೆ ನಾನು ಹೇಳಿದ್ದನ್ನೇ ಇನ್ನೊಮ್ಮೆ ಬಿಡಿಸಿ ಹೇಳಿದೆ. ಕೇಳಿಸಲಿಲ್ಲ ಎಂಬ ನೆಪ ಇರಬಾರದಲ್ಲ. ಇವರು ಪುಸ್ತಕ ಮುಚ್ಚಿ, ಹಳೆಯ ಕ್ರಮದಲ್ಲೇ ಹಾಡು ಶುರು ಮಾಡಿದರು. ಅಂಗಡಿಯವರು ನನ್ನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಹಳೆಯ ಕ್ರಮದಲ್ಲೇ ಹಿಂಬಾಲಿಸಿದರು.

ಇದಾಗಿ ಮೂರು ತಿಂಗಳಿಗೆ ಕ್ಯೂಬಾದಿಂದ ಒಬ್ಬ ಹಿರಿಯ ತಾಳವಾದ್ಯಗಾರರು ಬಂದರು. ಆರ್.ಟಿ. ನಗರದ ಒಂದು ಸಂಗೀತ ಶಾಲೆಯಲ್ಲಿ ಬೆಳಗಿನ ಹೊತ್ತು ಅವರ ಪಾಠ. ಬೆಂಗಳೂರಿನಲ್ಲಿ ಗಿಟಾರು, ಡ್ರಮ್ಮು ಹಿಡಿದವರೆಲ್ಲ ಬಂದು ಕೂತಿದ್ದರು. ಕೊನೆಯಲ್ಲಿ ನಮ್ಮವರ ತಂಡ ಒಂದು ಹಾಡು ನುಡಿಸಿ ತೋರಿಸುವುದೆಂದು ಗೊತ್ತಾಗಿತ್ತು. ಹಿಂದಿನ ದಿನ ನಾನು ಕೈ ಮುಗಿಯುವುದೊಂದು ಬಾಕಿ. "ಆ ಐದು ಹಾಡು ಬಿಟ್ಟು ಬೇರೆ ಯಾವ್ದಾದ್ರೂ ನುಡ್ಸಿ" ಎಂದೆ. "ಜನಕ್ಕೆ ಇಷ್ಟ ಆಗೋದು ಅದೇ ತಾನೇ" ಎಂದು ಆ ನಿಧಾನದ ಹಾಡನ್ನೇ ಆರಿಸಿಕೊಂಡರು.

ನಾನು ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಕಾಂಗಾದವರು ನನ್ನ ಕೋಲಾಟದ ಕೋಲು ಹಿಡಿದು ಐದು ಪೆಟ್ಟು ಶುರು ಮಾಡಿದರು. ಹಾಡು ಬಂತು. ಆ ಹಿರಿಯರು ಮೊದಲು ತಲೆದೂಗಿದರು, ಆಮೇಲೆ ತಲೆ ಓರೆ ಮಾಡಿದರು, ಆಮೇಲೆ ಎದ್ದು ಹೋಗಿ ಕೋಲುಗಳ ಮೇಲೆ ಮೆಲ್ಲನೆ ಅಂಗೈ ಇಟ್ಟರು. ಎಲ್ಲ ನಿಂತಿತು. ಬಿಡಿಬಿಡಿ ಇಂಗ್ಲಿಷಿನಲ್ಲಿ ಹೇಳಿದರು: ಹಾಡು ಚೆನ್ನಾಗಿದೆ, ಕೋಲೂ ಚೆನ್ನಾಗಿದೆ, ಆದರೆ ಇಬ್ಬರೂ ಬೆನ್ನು ತಿರುಗಿಸಿಕೊಂಡು ಕೂತಿದ್ದಾರೆ. ಇದನ್ನು ಹೀಗೆ ಜೋಡಿಸಿದವರು ಯಾರು?

ಕೇಳಿದ್ದು ಗದರಿಕೆಯಿಂದಲ್ಲ, ಕುತೂಹಲದಿಂದ. ನಾನು ಇವರನ್ನೇ ನೋಡುತ್ತಿದ್ದೆ. ಎರಡು ವರ್ಷದಿಂದ ಮೈಕಿನಲ್ಲಿ ಹೇಳಿದ ಉತ್ತರ ಇತ್ತಲ್ಲ, ನಂದೇ ಎಂದು. ಅಷ್ಟು ಹೇಳಿದ್ದರೆ ಸಾಕಿತ್ತು, ತಿದ್ದಿಕೊಳ್ಳಬಹುದಿತ್ತು. ಇವರು ಕೀಬೋರ್ಡಿನಿಂದ ಕೈ ತೆಗೆದು, ನನ್ನ ಕಡೆ ಬೆರಳು ಮಾಡಿ, "ನನ್ನ ಹೆಂಡತಿ. ತಾಳದ ಭಾಗವೆಲ್ಲ ಅವಳದು" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ಆಮೇಲೆ ಕನ್ನಡದಲ್ಲಿ, ಪಕ್ಕದವರಿಗೆಂಬಂತೆ ಆದರೆ ಎಲ್ಲರಿಗೂ ಕೇಳುವಂತೆ, "ನಂಗೆ ಅವಾಗ್ಲೇ ಡೌಟಿತ್ತು ಕಣ್ರೀ" ಎಂದರು.

ಎಂಬತ್ತು ತಲೆಗಳು ನನ್ನ ಕಡೆ ತಿರುಗಿದವು. ಒಬ್ಬಳು ಹುಡುಗಿ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು, ಅದೂ ನನ್ನ ಕಡೆ ತಿರುಗಿತು. ಆ ಕೆಲಸ ನನ್ನದು ಎಂದು ನಾಲ್ಕು ಜನರೆದುರು ಒಮ್ಮೆ ಹೇಳಲಿ ಎಂದು ನಾನು ಆಸೆಪಟ್ಟದ್ದು ನಿಜ. ಹೇಳಿದರು. ನನ್ನ ಆಸೆ ಹೀಗೆ ನೆರವೇರಿತು. ಆ ಹಿರಿಯರು ನನ್ನನ್ನು ನೋಡಿ ಮರುಕದಿಂದ ನಕ್ಕು, ಇದು ಹೊಸಬರು ಎಲ್ಲರೂ ಮಾಡುವ ತಪ್ಪೇ, ಬೇಸರ ಬೇಡ ಎಂದು ಸಮಾಧಾನ ಹೇಳಿದರು. ಅವರ ಸಮಾಧಾನ ಗಂಡನ ಮಾತಿಗಿಂತ ಹೆಚ್ಚು ಚುಚ್ಚಿತು.

ನಾನೇ ಕಂಡುಹಿಡಿದೆ, ತಿದ್ದಿ ಕೊಟ್ಟೆ, ಇವರೇ ಒಪ್ಪಲಿಲ್ಲ. ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಮೂವತ್ತು ವರ್ಷ ತರಗತಿಯಲ್ಲಿ ಗಂಟಲು ಹರಿಯುವಂತೆ ಕೂಗಿದವಳಿಗೆ ಆ ಹೊತ್ತಿನಲ್ಲಿ ಬಾಯಿ ಬರಲಿಲ್ಲ. ಅಷ್ಟು ಜನರೆದುರು ಗಂಡನ ಮರ್ಯಾದೆ ತೆಗೆಯಬಾರದು ಎಂದು ಯಾರು ಯಾವಾಗ ನನ್ನ ತಲೆಗೆ ತುಂಬಿದರೋ ಕಾಣೆ. ನನ್ನ ಮರ್ಯಾದೆ ತೆಗೆಯಬಾರದು ಎಂದು ಅವರ ತಲೆಗೆ ಯಾರೂ ತುಂಬಿರಲಿಲ್ಲ, ಅದಂತೂ ಖಚಿತ. ಸಿಟ್ಟಿಗೆ ಕಣ್ಣು ಉರಿಯಿತು. ಅಳುತ್ತಿದ್ದೇನೆ ಎಂದುಕೊಂಡಾರು ಎಂದು ಕನ್ನಡಕ ಒರೆಸುವ ನೆಪ ಮಾಡಿದೆ.

ಕಾಫಿಯ ಹೊತ್ತಿಗೆ ಅಂಗಡಿಯವರು ಬಿಸ್ಕತ್ತು ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಭಾಬಿ, ಅವತ್ತು ನೀವ್ ಹೇಳಿದ್ರಿ, ನಾನ್ ಕೇಳಿದೀನಿ" ಎಂದರು.

"ಅಲ್ಲೇ ಹೇಳ್ಬೋದಾಗಿತ್ತಲ್ಲ ನೀವು?"

"ಸಾರ್ ಬೇಜಾರ್ ಮಾಡ್ಕೋತಾರೆ ಭಾಬಿ."

ನಾನು ಬೇಜಾರು ಮಾಡಿಕೊಳ್ಳುತ್ತೇನೋ ಇಲ್ಲವೋ ಎಂದು ಅವರು ಯೋಚಿಸಿರಲಿಲ್ಲ. ಕೆಟ್ಟವರಲ್ಲ. ಬಿಸ್ಕತ್ತು ತೆಗೆದುಕೊಳ್ಳಿ ಎಂದು ಒತ್ತಾಯ ಮಾಡಿದರು.

ಮರುದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ನಮ್ಮ ಮನೆಯವರು, ಏನೂ ಆಗಿಲ್ಲವೆಂಬಂತೆ, "ಆ ಎರಡನ್ನ ಮುಂದೆ ತಂದು ನೀಟಾಗಿ ಬರ್ದುಕೊಡು, ಕಲೀತೀನಿ" ಎಂದರು. ಉಪ್ಪಿಟ್ಟಿನ ತಟ್ಟೆಯನ್ನು ತಲೆಯ ಮೇಲೆ ಕವಿಚಬೇಕೆನಿಸಿತು. ಆದರೂ ಬರೆದುಕೊಟ್ಟೆ. ಐದು ಹಾಡನ್ನೂ ಬರೆದುಕೊಟ್ಟೆ, ವಾರವಿಡೀ ಕೋಲು ಹಾಕಿ ಅಭ್ಯಾಸ ಮಾಡಿಸಿದೆ. ಹಾಡು ತಪ್ಪಾಗಿಯೇ ಇರಲಿ ಎಂದು ಬಿಡಲು ನನ್ನಿಂದಾಗಲಿಲ್ಲ. ಅದು ನನ್ನ ಒಳ್ಳೆಯತನವಲ್ಲ, ಅಪ್ಪ ಹಚ್ಚಿದ ಚಟ. ಸರಿಯಾದ ಕ್ರಮದಲ್ಲಿ ಆ ಹಾಡು ಮೊದಲ ಸಲ ಮನೆಯಲ್ಲಿ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಇವರೂ ನಿಲ್ಲಿಸಿ, "ಚೆನ್ನಾಗಿದೆ ಅಲ್ವಾ" ಎಂದರು. ಕ್ಷಮಿಸು ಎಂಬ ಮಾತು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದೆ. ಕಾಫಿ ಕೇಳಿದರು.

ಆ ಭಾನುವಾರ ಹೋಟೆಲಿನಲ್ಲಿ ಮೈಕ್ ಹಿಡಿದು ಹೇಳಿದ್ದು ಹೀಗೆ: "ಮೊನ್ನೆ ಕ್ಯೂಬಾದ ದೊಡ್ಡ ಕಲಾವಿದರ ಜೊತೆ ಚರ್ಚೆ ಮಾಡಿದ್ಮೇಲೆ ಈ ಹಾಡನ್ನ ನಾನು ಪೂರ್ತಿ ಹೊಸದಾಗಿ ಮಾಡಿದೀನಿ. ಕೇಳಿ." ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಈ ಸಲ ಮೇಲೇಳಲಿಲ್ಲ. ನಾನು ಅಂದರೆ ನಾವೇ ಎಂದಿದ್ದ ಮನುಷ್ಯ. ತಪ್ಪಾದಾಗ ಅವಳು, ತಿದ್ದಿದಾಗ ನಾನು.

ಹಾಡು ಶುರುವಾಯಿತು. ಖಾಲಿ ಎಣಿಕೆಯಿಂದ ಹೊರಟ ಕೋಲು, ಅದರೊಳಗೆ ಹಾಡು, ಎಲ್ಲ ನಾನು ಬರೆದ ಹಾಗೇ. ಮಧ್ಯದಲ್ಲಿ ಒಂದು ಜಾಗ ಇಟ್ಟಿದ್ದೆ: ಎಲ್ಲ ವಾದ್ಯವೂ ಒಂದು ಪೂರ್ತಿ ಸುತ್ತು ನಿಂತುಬಿಡುತ್ತವೆ, ಕೋಲೂ ನಿಲ್ಲುತ್ತದೆ, ಆ ಮೌನ ಮುಗಿದ ಮೇಲೆ ಪಿಯಾನೋ ಸಮಕ್ಕೆ ಎತ್ತಿಕೊಳ್ಳಬೇಕು, ಅದರ ಬೆನ್ನಿಗೇ ಉಳಿದವರು. ಆ ಮೌನವನ್ನು ಎಣಿಸುವುದು ನನ್ನ ಕೈ. ಇವರು ನನ್ನ ಹುಸಿ ನೋಡಿಕೊಂಡೇ ಎತ್ತಿಕೊಳ್ಳುವುದು.

ಮೌನ ಬಂತು. ಇವರು ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಕ್ಯಾರೆಟ್ ಹಲ್ವಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಇವರ ಕಣ್ಣು ನನ್ನ ಮುಖಕ್ಕೆ ಬಂತು, ಮತ್ತೆ ಕೈಗೆ ಹೋಯಿತು, ಮತ್ತೆ ಮುಖಕ್ಕೆ. ಒಳಗೇ ನಾನು ಎಣಿಸುತ್ತಲೇ ಇದ್ದೆ, ನಿಲ್ಲಿಸಲು ಬರುವುದಿಲ್ಲ ನನಗೆ. ಏಳು, ಎಂಟು. ಸಮ ಬಂದು ಹೋಯಿತು. ಇವರು ಎರಡು ಎಣಿಕೆ ತಡವಾಗಿ, ಅಂದಾಜಿನ ಮೇಲೆ ಕೈ ಇಟ್ಟರು. ಬೇಸ್ ಆಗಲೇ ಹೊರಟುಬಿಟ್ಟಿತ್ತು, ಕಾಂಗಾ ಎತ್ತ ಹೋಗಲಿ ಎಂದು ತಡವರಿಸಿತು. ಒಂದು ಸುತ್ತು ಮೂವರೂ ಮೂರು ದಾರಿ. ಕಿವಿಯಲ್ಲಿ ಮರಳು ಸುರಿದಂತಾಯಿತು ನನಗೆ. ಆಮೇಲೆ ಹೇಗೋ ಕೂಡಿಕೊಂಡರು. ಯಾವ ಮೇಜಿನವರೂ ತಲೆಯೆತ್ತಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಎಂದಿನಷ್ಟೇ ಬಂತು.

ಹೊರಟಾಗ ಮೂರೂವರೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಏರ್‌ಪೋರ್ಟಿಗೆ ಹೋಗುವ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅವುಗಳ ಹಿಂದೆ ಕಾರು ನಿಲ್ಲಿಸಿ ಇವರು ಕೇಳಿದರು:

"ಯಾರಿಗೂ ಗೊತ್ತಾಗ್ಲಿಲ್ಲ, ಅದು ಬಿಡು. ಆದ್ರೆ ನೀನು ಕೈ ಯಾಕೆ ನಿಲ್ಲಿಸ್ದೆ?"

"ಒಂದು ತಪ್ಪಾದ್ರೂ ನಿಮ್ಮದೇ ಆಗಿರ್ಲಿ ಅಂತ" ಎಂದೆ.

ಇವರು ಹಾರ್ನ್ ಒತ್ತಿದರು. ಮುಂದೆ ಹೋಗಲು ಜಾಗವೇ ಇರಲಿಲ್ಲ.